ಅಕ್ಕನ ಮನೆ ಅಂಜೂರದ ಕಡ್ಡಿ ಸೂಟ್‌ಕೇಸಲ್ಲಿ ತರಬಹುದಾ?

ಓದುಗರ ಪ್ರಶ್ನೆ: ಸರ್ ನಮಸ್ಕಾರ. ನಮ್ಮಕ್ಕ ಹೊರದೇಶದಲ್ಲಿದ್ದಾಳೆ, ಅವಳ ಮನೆ ಹಿತ್ತಲಲ್ಲಿ ಹಳೇ ಅಂಜೂರದ ಮರ ಒಂದಿದೆ, ಅದರ ಹಣ್ಣು ತಿಂದ ಮೇಲೆ ಬೇರೆ ಅಂಜೂರವೇ ಬೇಡ ಅನ್ನಿಸಿಬಿಟ್ಟಿದೆ. ಇನ್ನು ನಾಲ್ಕು ತಿಂಗಳಿಗೆ ಮತ್ತೆ ಹೋಗ್ತಿದ್ದೀನಿ, ಬರುವಾಗ ಆರೇಳು ಕಡ್ಡಿ ತಂದು ಮನೇಲಿ ಬೇರು ಬರಿಸಬೇಕು ಅಂತ ಆಸೆ. ನನ್ನ ಗೆಳತಿ ಹೇಳ್ತಾಳೆ, ಮಣ್ಣಿಲ್ಲ ಎಲೆಯಿಲ್ಲ ಬರೀ ಕಡ್ಡಿ ತಾನೆ, ಬ್ಲೀಚ್ ನೀರಲ್ಲಿ ಅದ್ದಿ ಒದ್ದೆ ಪೇಪರಲ್ಲಿ ಸುತ್ತಿ ಬಟ್ಟೆ ಮಧ್ಯ ಇಟ್ಕೊಂಡು ಬಾ, ಯಾರೂ ಕೇಳಲ್ಲ ಅಂತ. ಅವಳು ಹೋದ ವರ್ಷ ಹಾಗೇ ತಂದಿದ್ದಳು, ನನಗೂ ಮೂರು ಕೊಟ್ಟಿದ್ದಳು. ಎರಡು ಚೆನ್ನಾಗಿ ಎಲೆ ಬಿಟ್ಟು ಆಮೇಲೆ ಬುಡ ಕಪ್ಪಾಗಿ ಸತ್ತೋದ್ವು. ಒಂದು ಉಳಿದಿದೆ, ಆದ್ರೆ ಎಲೆ ಮೇಲೆ ಹಳದಿ ಮಚ್ಚೆ, ಆಕಾರನೂ ಸೊಟ್ಟಸೊಟ್ಟ. ಗೊಬ್ಬರ ಸಾಲದೇನಾ, ರೋಗನಾ? ಕಡ್ಡಿ ತರೋದು ನಿಜಕ್ಕೂ ತಪ್ಪಾ? ತಂದ್ರೆ ಬದುಕಿಸೋದು ಹೇಗೆ?

ಉತ್ತರ:

ನಮಸ್ಕಾರ. ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ತರಬಹುದಾ ಅನ್ನೋದು ಒಂದು, ಸತ್ತ ಎರಡು ಕಡ್ಡಿ ಯಾಕೆ ಸತ್ತವು ಅನ್ನೋದು ಇನ್ನೊಂದು, ಉಳಿದಿರೋ ಒಂದು ಕಡ್ಡಿ ಏನು ಹೇಳ್ತಿದೆ ಅನ್ನೋದು ಮೂರನೇದು. ಈ ಮೂರನೇದರಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನಿಮ್ಮ ಗೆಳತಿಯ ಮಾತಿಗೆ ಉತ್ತರ ನಿಮ್ಮ ಮನೆ ಕುಂಡದಲ್ಲೇ ಬೆಳೀತಾ ಇದೆ.

ಎಲೆ ಮೇಲೆ ಅಂಚು ಸ್ಪಷ್ಟ ಇಲ್ಲದ ಹಳದಿ ಮಚ್ಚೆ, ಕೆಲವೊಮ್ಮೆ ಮಚ್ಚೆ ಸುತ್ತ ತುಕ್ಕು ಬಣ್ಣದ ಗೆರೆ, ಎಲೆಯ ಒಂದು ಕಡೆ ಬೆಳೆದು ಇನ್ನೊಂದು ಕಡೆ ಬೆಳೆಯದೆ ಸೊಟ್ಟ ಆಗೋದು, ಇದೆಲ್ಲ ಅಂಜೂರದ ಮೊಸಾಯಿಕ್ ರೋಗದ ಲಕ್ಷಣ. ಗೊಬ್ಬರದ ಕೊರತೆ ಇದ್ರೆ ಹಳದಿ ಒಂದು ಕ್ರಮದಲ್ಲಿ ಬರುತ್ತೆ, ನೈಟ್ರೋಜನ್ ಕಡಿಮೆ ಆದ್ರೆ ಕೆಳಗಿನ ಹಳೇ ಎಲೆ ಪೂರ್ತಿ ಮಂಕಾಗುತ್ತೆ, ಕಬ್ಬಿಣ ಕಡಿಮೆ ಆದ್ರೆ ಹೊಸ ಎಲೆಯಲ್ಲಿ ನರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿ ಆಗುತ್ತೆ. ಮೊಸಾಯಿಕ್‌ಗೆ ಅಂಥ ಕ್ರಮ ಇಲ್ಲ, ಒಂದು ಎಲೆ ಪೂರ್ತಿ ಚೆನ್ನಾಗಿರುತ್ತೆ, ಅದರ ಪಕ್ಕದ್ದು ಬಣ್ಣ ಚೆಲ್ಲಿದ ಹಾಗಿರುತ್ತೆ. ನಾನು ಫೋಟೋ ನೋಡದೆ ಖಚಿತ ಹೇಳೋಕಾಗಲ್ಲ ಆದ್ರೆ ನೀವು ಬರೆದಿರೋ ಎರಡೂ ಲಕ್ಷಣ ಒಟ್ಟಿಗೆ ಬಂದ್ರೆ ನನ್ನ ಮೊದಲ ಅನುಮಾನ ಅದೇ.

ಇದಕ್ಕೆ ಮುಖ್ಯ ಕಾರಣ ಒಂದು ವೈರಸ್. ಕ್ಯಾಲಿಫೋರ್ನಿಯಾದಲ್ಲಿ ಈ ರೋಗವನ್ನ 1930ರ ದಶಕದಲ್ಲೇ ವಿವರಿಸಿದ್ರು, ವೈರಸ್ ಯಾವುದು ಅಂತ ಗೊತ್ತಾಗಿದ್ದು ಮಾತ್ರ 2009ರ ಹೊತ್ತಿಗೆ. ಗಿಡದಿಂದ ಗಿಡಕ್ಕೆ ಇದನ್ನ ಸಾಗಿಸೋದು ಅಸೇರಿಯಾ ಫೈಕಸ್ ಅನ್ನೋ ನುಸಿ, ಬರಿಗಣ್ಣಿಗೆ ಕಾಣಲ್ಲ, ಕಣ್ಣಿನ ಅಂದ್ರೆ ಮೊಗ್ಗಿನ ಪೊರೆಯ ಸಂದಿಯಲ್ಲಿ ಅಡಗಿಕೊಂಡಿರುತ್ತೆ. ಜೊತೆಗೆ ರೋಗ ಇರೋ ಮರದ ಕಡ್ಡಿ ಕಿತ್ತು ನೆಟ್ಟರೆ ಸಾಕು, ವೈರಸ್ ಅದರೊಳಗೇ ಇರುತ್ತೆ. ಮರ ಸಾಯಿಸೋ ರೋಗ ಅಲ್ಲ ಇದು, ಅಂಜೂರ ಬೆಳೆಯೋ ದೇಶಗಳಲ್ಲೆಲ್ಲ ಹರಡಿದೆ, ಚೆನ್ನಾಗಿ ಬೆಳೆದ ಮರ ಇದನ್ನ ಹೊತ್ಕೊಂಡೇ ವರ್ಷಾನುಗಟ್ಟಲೆ ಹಣ್ಣು ಕೊಡುತ್ತೆ. ನಿಮ್ಮ ಗೆಳತಿ ಕಡ್ಡಿ ಕಿತ್ತ ಮರ ನೋಡೋಕೆ ಆರೋಗ್ಯವಾಗೇ ಇದ್ದಿರಬಹುದು. ಹೊಸದಾಗಿ ಬೇರು ಬಿಡೋ ಬಡಪಾಯಿ ಕಡ್ಡಿಯಲ್ಲಿ ಅದು ಎದ್ದು ಕಾಣುತ್ತೆ ಅಷ್ಟೇ. ನಾನು ಹೇಳಬೇಕು ಅಂದ್ಕೊಂಡಿರೋ ವಿಷಯ ಇದೇ: ಕಡ್ಡಿ ನೋಡೋಕೆ ಶುದ್ಧವಾಗಿದೆ ಅನ್ನೋದು ಏನನ್ನೂ ಹೇಳಲ್ಲ, ಅದು ಯಾವ ಮರದಿಂದ ಬಂತು, ಆ ಮರವನ್ನ ಯಾರು ಪರೀಕ್ಷೆ ಮಾಡಿದ್ದಾರೆ ಅನ್ನೋದೇ ಎಲ್ಲಾ ಹೇಳುತ್ತೆ.

ಈಗ ಆ ಬ್ಲೀಚಿನ ಮಾತಿಗೆ ಬರೋಣ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಸೇರಿಸಿ ಕಡ್ಡಿಯನ್ನ ಕೆಲವು ನಿಮಿಷ ಅದ್ದಿ ತೊಳೆಯೋದು ಒಳ್ಳೇ ಅಭ್ಯಾಸ, ನಾನೂ ಮಾಡ್ತೀನಿ, ತೊಗಟೆ ಮೇಲಿನ ಬೂಷ್ಟಿನ ಬೀಜಕಣ ಸಾಯುತ್ತೆ, ಬೇರು ಬರೋವರೆಗೆ ಕಡ್ಡಿ ಕೊಳೆಯೋದು ಕಡಿಮೆ ಆಗುತ್ತೆ. ಆದ್ರೆ ಕೈ ತೊಳೆದ ಮಾತ್ರಕ್ಕೆ ಮೈಯಲ್ಲಿರೋ ಜ್ವರ ಇಳಿಯಲ್ಲ ಅಲ್ವಾ, ಹಾಗೇ ಕಡ್ಡಿಯ ಒಳಗಿನ ವೈರಸ್ಸನ್ನ, ಮರದ ನಾಳದಲ್ಲಿರೋ ಶಿಲೀಂಧ್ರ ಬ್ಯಾಕ್ಟೀರಿಯಾನ ಬ್ಲೀಚ್ ಮುಟ್ಟೋದೇ ಇಲ್ಲ. ಮೊಗ್ಗಿನ ಪೊರೆ ಒಳಗಿನ ನುಸಿ, ತೊಗಟೆಗೆ ಮೇಣದ ಚಿಪ್ಪು ಹೊದ್ದು ಕೂತಿರೋ ಶಲ್ಕ ಕೀಟಗಳೂ ಅನೇಕ ಸಲ ಬದುಕಿ ಉಳೀತವೆ.

ಮಣ್ಣಿಲ್ಲ ಎಲೆಯಿಲ್ಲ ಅನ್ನೋ ಮಾತಲ್ಲಿ ಅರ್ಧ ಸತ್ಯ ಇದೆ, ಅದನ್ನ ಒಪ್ಪಿಕೊಳ್ಳಬೇಕು. ಬೇರಿರೋ ಗಿಡ ತರೋದಕ್ಕಿಂತ ಎಲೆ ಉದುರಿಸಿ ಮಲಗಿರೋ ಕಡ್ಡಿ ತರೋದು ಎಷ್ಟೋ ಸುರಕ್ಷಿತ, ಬೇರುಗಂಟು ಮಾಡೋ ದುಂಡುಹುಳ ಬರಲ್ಲ, ಎಲೆ ಹಿಂದೆ ಪುಡಿಪುಡಿಯಾಗಿ ಕೂರೋ ತುಕ್ಕು ರೋಗ ಬರೋದೂ ಕಡಿಮೆ. ಕಾನೂನುಗಳೂ ಅನೇಕ ಕಡೆ ಈ ವ್ಯತ್ಯಾಸ ನೋಡ್ತವೆ. ಆದ್ರೆ ಉಳಿದರ್ಧ ಇದೆಯಲ್ಲ ಅದೇ ಅಪಾಯ. ಜಪಾನಿನಲ್ಲಿ ಅಂಜೂರದ ತೋಟಗಳನ್ನ ಬಹಳ ಕಾಲದಿಂದ ಕಾಡ್ತಿರೋ ಒಂದು ಸೊರಗು ರೋಗ ಇದೆ, ಸೆರಾಟೊಸಿಸ್ಟಿಸ್ ಫಿಸಿಕೋಲಾ ಅನ್ನೋ ಶಿಲೀಂಧ್ರದಿಂದ ಬರೋದು. ಎಲೆ ಬಾಡುತ್ತೆ, ಕಾಂಡ ಸೀಳಿದ್ರೆ ಒಳಗೆ ಕಂದು ಬಣ್ಣ, ಮರವೇ ಹೋಗುತ್ತೆ, ಮತ್ತೆ ಅದೇ ಮಣ್ಣಲ್ಲಿ ಹೊಸ ಗಿಡ ನೆಟ್ಟರೆ ಅದಕ್ಕೂ ಬರುತ್ತೆ. ಈಚಿನ ವರ್ಷಗಳಲ್ಲಿ ಇದು ಗ್ರೀಸ್ ಮತ್ತು ಇಟಲಿಯಲ್ಲೂ ಕಾಣಿಸಿಕೊಂಡಿದೆ. ಸೋಂಕು ಹೊಸದಾಗಿದ್ದಾಗ ಹೊರಗಿಂದ ಕಡ್ಡಿ ನೋಡಿ ಪತ್ತೆ ಮಾಡೋದು ನನ್ನಂಥ ಇದೇ ಕೆಲಸದವರಿಗೂ ಆಗಲ್ಲ, ಲ್ಯಾಬಿಗೇ ಕಳಿಸಬೇಕು.

ಇನ್ನು ಒಂದು ಸಣ್ಣ ಕಡ್ಡಿಯಿಂದ ಏನಾಗುತ್ತೆ ಅಂತ ಕೇಳೋರಿಗೆ ನಾನು ಇಟಲಿಯ ಪುಲಿಯಾ ಪ್ರಾಂತ್ಯದ ಉದಾಹರಣೆ ಕೊಡ್ತೀನಿ. 2013ರಲ್ಲಿ ಅಲ್ಲಿ ಆಲಿವ್ ಮರಗಳು ಒಣಗ್ತಿರೋದಕ್ಕೆ ಕ್ಸೈಲೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಕಾರಣ ಅಂತ ಪತ್ತೆ ಆಯ್ತು, ಅಷ್ಟರಲ್ಲಿ ತಡ ಆಗಿತ್ತು, ಆಮೇಲೆ ಲಕ್ಷಾಂತರ ಮರ ಹೋದ್ವು, ಅದರಲ್ಲಿ ತಲೆಮಾರುಗಳಿಂದ ಮನೆತನಗಳು ಕಾಪಾಡಿಕೊಂಡು ಬಂದಿದ್ದ ಮರಗಳೂ ಇದ್ವು. ಅಲ್ಲಿನ ಬ್ಯಾಕ್ಟೀರಿಯಾದ ತಳಿಯನ್ನ ಜೆನೆಟಿಕ್ ಆಗಿ ಹೋಲಿಸಿ ನೋಡಿದಾಗ ಮಧ್ಯ ಅಮೆರಿಕದ ಕೋಸ್ಟರಿಕಾ ಕಡೆಯಿಂದ ಬಂದ ಕಾಫಿ ಜಾತಿಯ ಅಲಂಕಾರಿಕ ಗಿಡದ ಜೊತೆ ಅದು ಬಂದಿರೋ ಸಾಧ್ಯತೆ ಹೆಚ್ಚು ಅಂತ ವಿಜ್ಞಾನಿಗಳು ಹೇಳಿದ್ದಾರೆ. ಇದೇ ಬ್ಯಾಕ್ಟೀರಿಯಾದ ಬೇರೊಂದು ಉಪಜಾತಿ ಸ್ಪೇನಿನ ಬಾಲಿಯಾರಿಕ್ ದ್ವೀಪಗಳಲ್ಲಿ ಅಂಜೂರದ ಮರಗಳಲ್ಲೂ ಸಿಕ್ಕಿದೆ. ನಿಮ್ಮನ್ನ ಹೆದರಿಸೋಕೆ ಇದನ್ನ ಹೇಳ್ತಿಲ್ಲ, ನೂರು ಕಡ್ಡಿ ಬಂದ್ರೆ ತೊಂಬತ್ತಕ್ಕಿಂತ ಹೆಚ್ಚು ಏನೂ ಮಾಡದೇ ಇರಬಹುದು, ಆದ್ರೆ ತೊಂದರೆ ಮಾಡೋ ಒಂದು ಯಾವುದು ಅಂತ ಮೊದಲೇ ಗೊತ್ತಾಗಲ್ಲ, ಮತ್ತೆ ಅದರ ಬೆಲೆ ತೆರೋರು ತಂದವರಲ್ಲ, ಅಕ್ಕಪಕ್ಕದ ಬೆಳೆಗಾರರು.

ಕಾನೂನು ಏನು ಹೇಳುತ್ತೆ? ನೀವು ಯಾವ ದೇಶದಿಂದ ಯಾವ ದೇಶಕ್ಕೆ ಅಂತ ಬರೆದಿಲ್ಲ, ಹಾಗಾಗಿ ಎಲ್ಲಾ ಕಡೆ ಒಂದೇ ಥರ ಇರೋ ಚೌಕಟ್ಟು ಹೇಳ್ತೀನಿ. 1951ರ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ ಅಂತ ಒಂದಿದೆ, ಜಗತ್ತಿನ ಬಹುತೇಕ ದೇಶಗಳು ಅದರಲ್ಲಿವೆ. ಅದರ ಪ್ರಕಾರ ಕಳಿಸೋ ದೇಶದ ಸರ್ಕಾರಿ ಸಸ್ಯ ಸಂರಕ್ಷಣಾ ಇಲಾಖೆ ಪರೀಕ್ಷೆ ಮಾಡಿ ಫೈಟೋಸ್ಯಾನಿಟರಿ ಸರ್ಟಿಫಿಕೇಟ್, ಅಂದ್ರೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೊಡಬೇಕು, ತರಿಸಿಕೊಳ್ಳೋ ದೇಶ ತನ್ನ ಷರತ್ತು ಏನು ಅಂತ ಮೊದಲೇ ಹೇಳಿರುತ್ತೆ. ಇಲ್ಲಿ ಜನ ಹೆಚ್ಚು ಎಡವೋದು ಎಲ್ಲಿ ಅಂದ್ರೆ, ಈ ಸರ್ಟಿಫಿಕೇಟ್ ಇದ್ರೆ ಸಾಕು ಅಂದ್ಕೋತಾರೆ. ಅನೇಕ ದೇಶಗಳಲ್ಲಿ ಅದಕ್ಕೂ ಮೊದಲು ಆಮದು ಪರ್ಮಿಟ್ ತಗೊಂಡಿರಬೇಕು, ಪರ್ಮಿಟ್ಟಲ್ಲಿ ಬರೆದಿರೋ ಷರತ್ತಿನ ಪ್ರಕಾರವೇ ಅಲ್ಲಿಯವರು ಪರೀಕ್ಷೆ ಮಾಡಿ ಬರೆಯಬೇಕು. ಭಾರತದಲ್ಲಿ 2003ರ ಸಸ್ಯ ಕ್ವಾರಂಟೈನ್ ಆದೇಶದಲ್ಲಿ ನಾಟಿ ಸಾಮಗ್ರಿಗೆ ಹೀಗೇ ಇದೆ, ಮೊದಲು ಪರ್ಮಿಟ್, ಆಮೇಲೆ ಸರ್ಟಿಫಿಕೇಟ್. ಯುರೋಪಿಯನ್ ಒಕ್ಕೂಟ 2019ರ ಡಿಸೆಂಬರ್ 14ರಿಂದ ಇನ್ನೂ ಬಿಗಿ ಮಾಡಿದೆ, ಹೊರಗಿಂದ ಬರೋ ಪ್ರಯಾಣಿಕರ ಚೀಲದಲ್ಲಿ ಸರ್ಟಿಫಿಕೇಟ್ ಇಲ್ಲದೆ ಒಳಗೆ ಬಿಡೋದು ಅನಾನಸ್, ತೆಂಗಿನಕಾಯಿ, ಡುರಿಯನ್, ಬಾಳೆಹಣ್ಣು, ಖರ್ಜೂರ ಈ ಐದು ಹಣ್ಣು ಮಾತ್ರ. ಅಷ್ಟೇ ಅಲ್ಲ, ಅಪಾಯ ಹೆಚ್ಚು ಅಂತ ಅವರು ಪಟ್ಟಿ ಮಾಡಿರೋ ಗಿಡಗಳಲ್ಲಿ ಅಂಜೂರದ ಹೆಸರೂ ಇದೆ, ಅಂದ್ರೆ ಒಂದೊಂದು ಮೂಲವನ್ನೂ ಅಧ್ಯಯನ ಮಾಡಿ ಒಪ್ಪಿಗೆ ಕೊಡೋವರೆಗೆ ನೆಡೋ ಗಿಡ ಕಡ್ಡಿ ಒಳಗೆ ಬರೋ ಹಾಗಿಲ್ಲ. ಆ ಪಟ್ಟಿಯಿಂದ ಬೀಜವನ್ನೂ ಲ್ಯಾಬಿನ ಬಾಟಲಿಯಲ್ಲಿ ಬೆಳೆದ ಟಿಶ್ಯೂ ಕಲ್ಚರ್ ಗಿಡವನ್ನೂ ಹೊರಗಿಟ್ಟಿದ್ದಾರೆ, ಈ ಮಾತನ್ನ ನೆನಪಲ್ಲಿಡಿ, ಮುಂದೆ ಉಪಯೋಗಕ್ಕೆ ಬರುತ್ತೆ.

ಇನ್ನೊಂದು ತಪ್ಪು ತಿಳಿವಳಿಕೆ, ಹೇಳಿದ್ರೆ ದಂಡ ಹಾಕ್ತಾರೆ ಅಂತ ಹೆದರಿ ಮುಚ್ಚಿಡೋದು. ವಾಸ್ತವ ತಿರುಗಾಮುರುಗಾ. ಆಸ್ಟ್ರೇಲಿಯಾ ನ್ಯೂಜಿಲೆಂಡಿನಂಥ ತುಂಬಾ ಕಟ್ಟುನಿಟ್ಟಿನ ಕಡೆಯೂ ಫಾರಂನಲ್ಲಿ ಹೌದು ಗಿಡದ ಭಾಗ ಇದೆ ಅಂತ ಬರೆದು ತೋರಿಸಿದವರ ಕಡ್ಡಿಯನ್ನ ಹೆಚ್ಚೆಂದರೆ ತಗೊಂಡು ನಾಶ ಮಾಡ್ತಾರೆ, ದಂಡ ಬೀಳೋದು ಇಲ್ಲ ಅಂತ ಬರೆದು ಚೀಲದಲ್ಲಿ ಸಿಕ್ಕಿದಾಗ. ಆನ್‌ಲೈನಲ್ಲಿ ಮಾರೋರು ಗಿಫ್ಟ್ ಅಂತ ಬರೆದು ಲಕೋಟೆಯಲ್ಲಿ ಕಳಿಸ್ತೀವಿ ಅಂದ್ರೂ ಇದೇ ಮಾತು, ಅವರು ತಾವೇ ಪ್ರಿಂಟ್ ಹಾಕಿ ಕೊಡೋ ರೋಗಮುಕ್ತ ಅನ್ನೋ ಚೀಟಿಗೆ ಬೆಲೆ ಇಲ್ಲ, ಸರ್ಟಿಫಿಕೇಟ್ ಸರ್ಕಾರದ ಇಲಾಖೆಯಿಂದಲೇ ಬರಬೇಕು.

ಇಷ್ಟೆಲ್ಲಾ ಓಡಾಡೋಕೆ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ, ಇದನ್ನ ಬಹಳ ಜನ ಕೇಳಿಕೊಳ್ಳೋದೇ ಇಲ್ಲ. ಆ ಮರ ನಿಮ್ಮ ಮನೇಲಿ ಹಣ್ಣು ಕೊಡುತ್ತಾ?

ಅಂಜೂರದಲ್ಲಿ ಎಲ್ಲಾ ತಳಿ ಒಂದೇ ಥರ ಅಲ್ಲ. ಸಾಮಾನ್ಯ ಅಂಜೂರ ಅಂತ ಕರೆಯೋ ಗುಂಪು ಪರಾಗಸ್ಪರ್ಶ ಇಲ್ಲದೇ ಹಣ್ಣಾಗುತ್ತೆ. ಸ್ಮಿರ್ನಾ ಗುಂಪಿಗೆ ಮಾತ್ರ ಬ್ಲಾಸ್ಟೊಫಾಗಾ ಅನ್ನೋ ಸಣ್ಣ ಕಣಜ ಬೇಕೇಬೇಕು, ಅದು ಕ್ಯಾಪ್ರಿಫಿಗ್ ಅನ್ನೋ ಗಂಡು ಅಂಜೂರದ ಕಾಯೊಳಗೆ ಹುಟ್ಟಿ ಪರಾಗ ಹೊತ್ಕೊಂಡು ಬಂದು ಈ ಕಾಯೊಳಗೆ ನುಗ್ಗಬೇಕು, ಇಲ್ಲಾಂದ್ರೆ ಕಾಯಿ ಬೆರಳ ಗಾತ್ರಕ್ಕೆ ಬಂದು ಉದುರಿ ಹೋಗುತ್ತೆ. ಸ್ಯಾನ್ ಪೆಡ್ರೋ ಗುಂಪು ಇವೆರಡರ ಮಧ್ಯ, ಹಳೇ ಕೊಂಬೆಯ ಮೊದಲ ಬೆಳೆ ಹಾಗೇ ಬರುತ್ತೆ, ಮುಖ್ಯ ಬೆಳೆಗೆ ಕಣಜ ಬೇಕು. ಟರ್ಕಿಯ ಹೆಸರಾಂತ ಒಣ ಅಂಜೂರ ಸರಿಲೋಪ್ ಸ್ಮಿರ್ನಾ ಗುಂಪಿನದು. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದವರು ಅದರ ಕಡ್ಡಿಗಳನ್ನ ಸಾವಿರಗಟ್ಟಲೆ ತರಿಸಿ ನೆಟ್ಟರು, ಮರ ಹುಲುಸಾಗಿ ಬೆಳೀತು, ಕಾಯಿ ಮಾತ್ರ ವರ್ಷ ವರ್ಷ ಉದುರ್ತಾ ಹೋಯ್ತು, ಕೆಟ್ಟ ಕಡ್ಡಿ ಕೊಟ್ಟು ಮೋಸ ಮಾಡಿದ್ರು ಅಂತ ಕೆಲವರು ಅಂದ್ಕೊಂಡ್ರು. ಕೊನೆಗೆ 1899ರಲ್ಲಿ ಆ ಕಣಜವನ್ನೇ ತಂದು ಅಲ್ಲಿ ನೆಲೆ ನಿಲ್ಲಿಸಿದ ಮೇಲೆ ಸ್ಮಿರ್ನಾ ಹಣ್ಣು ಕೈಗೆ ಬಂತು. ನಿಮ್ಮ ಅಕ್ಕನ ಊರಲ್ಲಿ ಕಣಜ ಇದ್ದು ನಿಮ್ಮಲ್ಲಿ ಇಲ್ಲದಿದ್ರೆ ನಿಮಗೂ ಹೀಗೇ ಆಗಬಹುದು, ಮೂರು ವರ್ಷ ಸಾಕಿ ಆಮೇಲೆ ಗೊತ್ತಾಗೋದು.

ಪರೀಕ್ಷೆ ಮಾಡೋಕೆ ಒಂದು ಸುಲಭ ದಾರಿ ಇದೆ. ಅಕ್ಕನಿಗೆ ಮಾಗಿದ ಹಣ್ಣು ಒಂದು ಹಿಚುಕಿ ಬೀಜ ತೊಳೆದು ನೀರಿಗೆ ಹಾಕೋಕೆ ಹೇಳಿ. ಬೀಜವೆಲ್ಲ ಟೊಳ್ಳಾಗಿದ್ದು ತೇಲಿದ್ರೆ ಆ ಹಣ್ಣು ಕಣಜ ಇಲ್ಲದೇ ಮಾಗಿದೆ, ಬಹುಶಃ ಸಾಮಾನ್ಯ ಗುಂಪು, ನಿಮ್ಮಲ್ಲೂ ಮಾಗುತ್ತೆ. ಆದ್ರೆ ಅದು ಮುಖ್ಯ ಬೆಳೆಯ ಹಣ್ಣೇ ಆಗಿರಬೇಕು, ಮೊದಲ ಬೆಳೆಯದ್ದು ನೋಡಿದ್ರೆ ಸ್ಯಾನ್ ಪೆಡ್ರೋ ಕೂಡ ಹಾಗೇ ಕಾಣುತ್ತೆ. ಬೀಜ ಗಟ್ಟಿಯಾಗಿದ್ದು ಮುಳುಗಿದ್ರೆ ಮೂರು ಗುಂಪಲ್ಲಿ ಯಾವುದೂ ಆಗಿರಬಹುದು, ಯಾಕಂದ್ರೆ ಕಣಜ ಇರೋ ಊರಲ್ಲಿ ಸಾಮಾನ್ಯ ಅಂಜೂರಕ್ಕೂ ಪರಾಗ ಸಿಗುತ್ತೆ, ಆಗ ಅಲ್ಲಿನ ತೋಟಗಾರಿಕೆಯವರ ಹತ್ರ ತಳಿ ಕೇಳಲೇಬೇಕು. ರುಚಿಯ ವಿಷಯಾನೂ ಹೇಳಿಬಿಡ್ತೀನಿ. ಅಂಜೂರದ ರುಚಿಯಲ್ಲಿ ಬಿಸಿಲು, ಒಣ ಹವೆಯ ಪಾಲು ದೊಡ್ಡದು, ಒಣ ಬೇಸಿಗೆಯಲ್ಲಿ ಜೇನಿನಂತಿದ್ದ ಹಣ್ಣು ಮಾಗೋ ಹೊತ್ತಿಗೆ ಮಳೆ ಬೀಳೋ ಕಡೆ ಸಪ್ಪೆ ಆಗುತ್ತೆ, ತಳದ ತೂತು ದೊಡ್ಡದಿರೋ ತಳಿ ಆದ್ರೆ ಒಳಗೆ ನೀರು ಹೋಗಿ ಹುಳಿ ಬರುತ್ತೆ.

ಹೆಸರಿನ ಗೊಂದಲ ಬೇರೆ. ಇಟಲಿಯ ದೊತ್ತಾತೋ ಅನ್ನೋದೇ ಕ್ಯಾಲಿಫೋರ್ನಿಯಾದಲ್ಲಿ ಕಡೋಟಾ. ಬ್ರೌನ್ ಟರ್ಕಿ ಅಂತ ಇಂಗ್ಲೆಂಡಿನಲ್ಲಿ ಮಾರೋದೂ ಕ್ಯಾಲಿಫೋರ್ನಿಯಾದಲ್ಲಿ ಮಾರೋದೂ ಒಂದೇ ಗಿಡ ಅಲ್ಲ. ಹೀಗಾಗಿ ನಿಮಗೆ ಹಿಡಿಸಿರೋ ತಳಿ ನಿಮ್ಮ ದೇಶದ ಒಳ್ಳೇ ನರ್ಸರಿಯಲ್ಲೋ ಸಂಶೋಧನಾ ತೋಟದಲ್ಲೋ ಬೇರೆ ಹೆಸರಲ್ಲಿ ಆಗಲೇ ಇರೋ ಸಾಧ್ಯತೆ ನೀವು ಅಂದ್ಕೊಂಡಿದ್ದಕ್ಕಿಂತ ಹೆಚ್ಚು. ಹಣ್ಣು ಪೂರ್ತಿ, ಅಡ್ಡ ಕೊಯ್ದಿದ್ದು, ಎಲೆಯ ಮೇಲ್ಭಾಗ, ಎಲೆ ತೊಟ್ಟು ಸೇರೋ ಜಾಗ, ಇಷ್ಟರ ಫೋಟೋ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಸಿ ತೋರಿಸಿ. ನನ್ನ ಹತ್ರ ಬರೋರಲ್ಲಿ ಸುಮಾರು ಜನಕ್ಕೆ ನಾನು ಮೊದಲು ಹೇಳೋದೇ ಇದು, ಅದರಲ್ಲಿ ಕೆಲವರಿಗೆ ಪರ್ಮಿಟ್ಟಿನ ಗೋಜೇ ಬೇಕಾಗಿಲ್ಲ.

ಹುಡುಕಿದ್ರೂ ಸಿಗಲಿಲ್ಲ, ಆ ಮರವೇ ಬೇಕು ಅಂದ್ರೆ ದಾರಿಗಳು ಹೀಗಿವೆ. ಮೊದಲನೇದು ಪರ್ಮಿಟ್ ತಗೊಂಡು, ಅಕ್ಕನ ದೇಶದ ಇಲಾಖೆಯಿಂದ ಕಡ್ಡಿ ಪರೀಕ್ಷೆ ಮಾಡಿಸಿ, ಸರ್ಟಿಫಿಕೇಟ್ ಸಮೇತ ತಂದು ಇಳಿದ ಕೂಡಲೇ ತೋರಿಸೋದು. ಇದರಲ್ಲಿ ಕಷ್ಟ ಏನಂದ್ರೆ ಹಿತ್ತಲ ಮರಕ್ಕೆ ಸರ್ಟಿಫಿಕೇಟ್ ಸಿಗೋದು ಸುಲಭ ಇಲ್ಲ, ಕೆಲವು ದೇಶಗಳು ಎಲೆ ಇರೋ ಕಾಲದಲ್ಲೇ ಮರ ನೋಡಿರಬೇಕು ಅಂತಾವೆ, ಕೆಲವು ಲ್ಯಾಬ್ ಟೆಸ್ಟ್ ಕೇಳ್ತವೆ, ಖರ್ಚು ಓಡಾಟ ಎರಡೂ ಇದೆ, ತಂದ ಮೇಲೂ ಕ್ವಾರಂಟೈನಲ್ಲಿ ತಿಂಗಳುಗಟ್ಟಲೆ ಇಡಬೇಕಾಗಬಹುದು, ಅಲ್ಲಿ ಕಡ್ಡಿ ಸತ್ರೆ ಯಾರನ್ನೂ ಕೇಳೋ ಹಾಗಿಲ್ಲ. ಎರಡನೇದು ಅದೇ ತಳಿಯನ್ನ ಅಲ್ಲಿನ ನೋಂದಾಯಿತ ನರ್ಸರಿಯಿಂದ ತಗೊಳ್ಳೋದು, ಅವರಿಗೆ ಕಾಗದಪತ್ರ ಮಾಡಿಸಿ ಅಭ್ಯಾಸ ಇರುತ್ತೆ. ನನ್ನನ್ನ ಕೇಳಿದ್ರೆ ಎಲ್ಲಕ್ಕಿಂತ ಒಳ್ಳೇದು ಟಿಶ್ಯೂ ಕಲ್ಚರ್ ಗಿಡ. ಚಿಗುರಿನ ತುದಿಯ ಕಣ್ಣಿಗೆ ಕಾಣೋದೇ ಕಷ್ಟ ಅನ್ನೋಷ್ಟು ಸಣ್ಣ ಭಾಗ ತೆಗೆದು ಬಾಟಲಿಯಲ್ಲಿ ಬೆಳೆಸ್ತಾರೆ, ಈ ಕ್ರಮದಲ್ಲಿ ಮೊಸಾಯಿಕ್ ವೈರಸ್ಸನ್ನೂ ಎಷ್ಟೋ ಸಲ ಬಿಡಿಸೋಕಾಗುತ್ತೆ, ಮಣ್ಣು ನುಸಿ ಶಿಲೀಂಧ್ರದ ಪ್ರಶ್ನೆ ಬರಲ್ಲ, ಕಾನೂನೂ ಹಲವು ಕಡೆ ಮೃದು, ಮೇಲೆ ಯುರೋಪಿನ ಪಟ್ಟಿ ಬಗ್ಗೆ ಹೇಳಿದ್ದು ಅದಕ್ಕೇ. ಎಲ್ಲಾ ತಳಿಗಳೂ ಹಾಗೆ ಸಿಗಲ್ಲ ಅನ್ನೋದೊಂದೇ ಕೊರತೆ, ಮತ್ತೆ ಬಾಟಲಿಯಿಂದ ತೆಗೆದ ಮೊದಲ ಕೆಲವು ವಾರ ಬಹಳ ಜೋಪಾನ ಬೇಕು.

ಹಣ್ಣಿನ ಬೀಜ ತಂದು ಬಿತ್ತಿದ್ರೆ ಆಗಲ್ವಾ ಅಂತ ಕೇಳಬಹುದು. ಬೀಜದಿಂದ ಮೊಸಾಯಿಕ್ ಹರಡಲ್ಲ ಅನ್ನೋದು ನಿಜ, ಆದ್ರೆ ಹುಟ್ಟೋ ಗಿಡ ತಾಯಿ ಥರ ಇರಲ್ಲ, ಕ್ಯಾಪ್ರಿಫಿಗ್ ಪರಾಗದಿಂದ ಆದ ಬೀಜಗಳಲ್ಲಿ ಹೆಚ್ಚುಕಮ್ಮಿ ಅರ್ಧ ತಿನ್ನೋಕೆ ಬಾರದ ಗಂಡು ಗಿಡಗಳೇ ಆಗ್ತವೆ. ಬೀಜಕ್ಕೂ ಆಮದಿನ ನಿಯಮ ಇದ್ದೇ ಇದೆ. ಅಂಜೂರವನ್ನ ಜನ ಕಡ್ಡಿಯಿಂದಲೇ ಬೆಳೆಸಿಕೊಂಡು ಬಂದಿರೋದು ಸುಮ್ಮನೆ ಅಲ್ಲ. ಜೋರ್ಡಾನ್ ಕಣಿವೆಯ ಗಿಲ್ಗಲ್ ಅನ್ನೋ ಜಾಗದಲ್ಲಿ ಸಿಕ್ಕ 11,000 ವರ್ಷಕ್ಕೂ ಹಳೇ ಕರಕಲು ಅಂಜೂರಗಳು ಬೀಜ ಕಟ್ಟದ ಜಾತಿಯವು, ಮನುಷ್ಯರು ಕಡ್ಡಿ ನೆಟ್ಟೇ ಬೆಳೆಸಿರಬೇಕು ಅಂತ 2006ರಲ್ಲಿ ಸಂಶೋಧಕರು ವಾದ ಮಂಡಿಸಿದ್ರು. ಧಾನ್ಯಗಳನ್ನ ಪಳಗಿಸೋದಕ್ಕೂ ಮುಂಚಿನ ಮಾತು ಅದು ಅಂತ ಅವರ ವಾದ, ನನಗಂತೂ ಇದನ್ನ ಓದಿದಾಗ ಮೈ ಜುಮ್ಮೆಂದಿತ್ತು.

ಈಗ ಬೇರು ಬರಿಸೋ ವಿಷಯ. ನಿಮ್ಮ ಎರಡು ಕಡ್ಡಿ ಎಲೆ ಬಿಟ್ಟು ಸತ್ತವು ಅಂದ್ರಲ್ಲ, ಅಂಜೂರದಲ್ಲಿ ಅತಿ ಹೆಚ್ಚು ಜನಕ್ಕೆ ಆಗೋದು ಇದೇ. ಎಲೆ ಬಂತು ಅಂದ್ರೆ ಬೇರು ಬಂತು ಅಂತ ಅರ್ಥ ಅಲ್ಲ. ಕಡ್ಡಿಯೊಳಗೆ ಕೂಡಿಟ್ಟ ಪಿಷ್ಟ, ನೀರು ಇರುತ್ತಲ್ಲ ಅದರ ಬಲದ ಮೇಲೆ ಮೊಗ್ಗು ಒಡೆಯುತ್ತೆ, ಕೆಳಗೆ ಬೇರಿನ ಸುದ್ದಿಯೇ ಇರಲ್ಲ, ಎಲೆ ಮಾತ್ರ ನೀರನ್ನ ಆವಿ ಮಾಡ್ತಾ ಹೋಗುತ್ತೆ. ಆಗ ಎಲೆ ಸ್ವಲ್ಪ ಜೋತು ಬೀಳುತ್ತೆ, ನಾವು ನೀರು ಸಾಲದು ಅಂತ ಇನ್ನಷ್ಟು ಹಾಕ್ತೀವಿ, ಒದ್ದೆ ಮಿಶ್ರಣದಲ್ಲಿ ಗಾಳಿ ಇಲ್ಲದೆ ಬುಡ ಕೊಳೆತು ಕಪ್ಪಾಗುತ್ತೆ. ಹೆಚ್ಚಿನ ಕಡ್ಡಿಗಳು ಸಾಯೋದು ನೀರು ಹೆಚ್ಚಾಗಿ.

ಒಳ್ಳೇ ಕಡ್ಡಿ ಅಂದ್ರೆ ಎಲೆ ಉದುರಿದ ಚಳಿಗಾಲದಲ್ಲಿ ಕತ್ತರಿಸಿದ್ದು, ಹೋದ ಋತುವಿನಲ್ಲಿ ಬೆಳೆದು ಬಲಿತಿದ್ದು, ಪೆನ್ಸಿಲ್ ದಪ್ಪ ಅಥವಾ ಸ್ವಲ್ಪ ಹೆಚ್ಚು, 15ರಿಂದ 20 ಸೆಂಟಿಮೀಟರ್ ಉದ್ದ, ಮೂರು ನಾಲ್ಕು ಗೆಣ್ಣು ಇರೋದು. ನಿಮ್ಮ ಪ್ರಯಾಣ ಅಲ್ಲಿನ ಬೇಸಿಗೆಗೆ ಬಿದ್ರೆ ಹಸಿರು ಕಡ್ಡಿಯ ಆಸೆ ಬಿಡಿ, ದಾರಿಯಲ್ಲೇ ಬಾಡುತ್ತೆ, ಕಾಗದಪತ್ರಕ್ಕೂ ಅದು ಕಷ್ಟ. ಕತ್ತರಿಸುವಾಗ ಕೈಗವಸು ಹಾಕ್ಕೊಳ್ಳಿ, ಅಂಜೂರದ ಹಾಲು ಚರ್ಮಕ್ಕೆ ತಾಗಿ ಬಿಸಿಲು ಬಿದ್ರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತೆ, ಅದರಲ್ಲಿರೋ ಸೊರಾಲಿನ್ ಅನ್ನೋ ವಸ್ತುವಿನಿಂದ. ಹಾಲು ಸೋರೋದು ನಿಂತು ಒಣಗಿದ ಮೇಲೆ ಮೇಲ್ತುದಿಗೆ ಸ್ವಲ್ಪ ಮೇಣ ಅದ್ದಿ, ಹಿಂಡಿ ತೇವ ಮಾತ್ರ ಉಳಿಸಿದ ಕಾಗದದಲ್ಲಿ ಸುತ್ತಿ, ಜಿಪ್ ಕವರಲ್ಲಿ ಹಾಕಿದ್ರೆ ಫ್ರಿಜ್ಜಿನಲ್ಲಿ ವಾರಗಟ್ಟಲೆ ಇರುತ್ತೆ. ಕಾಗದದಿಂದ ನೀರು ತೊಟ್ಟಿಕ್ಕೋ ಹಾಗಿದ್ರೆ ಬೂಷ್ಟು ಗ್ಯಾರಂಟಿ. ಸೇಬು ಬಾಳೆಹಣ್ಣಿನ ಪಕ್ಕ ಇಡಬೇಡಿ, ಅವು ಬಿಡೋ ಎಥಿಲಿನ್ ಅನಿಲ ಮೊಗ್ಗಿಗೆ ಒಳ್ಳೇದಲ್ಲ.

ನೆಡೋಕೆ ಪಾರದರ್ಶಕ ಕಪ್ ತಗೊಳ್ಳಿ, ತಳಕ್ಕೆ ತೂತು ಮಾಡಿ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ನರ್ಸರಿಯಲ್ಲಿ ಸಿಗೋ ಹಗುರವಾದ ಬಿಳಿ ಹರಳು) ಸಮ ಸಮ ಹಾಕಿ. ಮಿಶ್ರಣವನ್ನ ಮುಷ್ಟಿಯಲ್ಲಿ ಹಿಂಡಿದ್ರೆ ಉಂಡೆ ಆಗಬೇಕು ನೀರು ಬರಬಾರದು, ಅಷ್ಟೇ ತೇವ. ಬುಡದ ತೊಗಟೆಯನ್ನ ಒಂದೆರಡು ಕಡೆ ತೆಳ್ಳಗೆ ಗೀರಿ ಐಬಿಎ ಇರೋ ಬೇರಿನ ಹಾರ್ಮೋನ್ ಪುಡಿ ಸ್ವಲ್ಪ ಹಚ್ಚಬಹುದು, ಹಚ್ಚದಿದ್ರೂ ಅಂಜೂರ ಬೇರು ಬಿಡುತ್ತೆ. ಒಂದು ಗೆಣ್ಣು ಮೇಲಿಟ್ಟು ಉಳಿದಿದ್ದು ಒಳಗೆ ಹೋಗಲಿ, ತಲೆಕೆಳಗಾಗದ ಹಾಗೆ ನೋಡ್ಕೊಳ್ಳಿ. ಬುಡಕ್ಕೆ 24ರಿಂದ 27 ಡಿಗ್ರಿ ಬೆಚ್ಚಗಿದ್ದು ಮೇಲೆ ಸ್ವಲ್ಪ ತಂಪಿದ್ರೆ ಎಲೆಗಿಂತ ಬೇರು ಮುಂದೆ ಹೋಗುತ್ತೆ, ಇಡೀ ಗುಟ್ಟು ಇದರಲ್ಲೇ ಇದೆ. ಮೇಲೆ ಒಂದು ಸಡಿಲ ಕವರ್, ದಿನಕ್ಕೊಮ್ಮೆ ಗಾಳಿ, ನೇರ ಬಿಸಿಲು ಬೇಡ. ತೊಗಟೆ ಮೇಲೆ ಬಿಳಿ ಗುಳ್ಳೆ ಬಂದ್ರೆ ಬೇರು ಅಂತ ಕುಣಿದಾಡಬೇಡಿ, ಅವು ಉಬ್ಬಿದ ಉಸಿರು ರಂಧ್ರಗಳು, ತೇವ ಜಾಸ್ತಿ ಅಂತ ಹೇಳ್ತಿವೆ. ಮೂರರಿಂದ ಆರು ವಾರದಲ್ಲಿ ಕಪ್ಪಿನ ಗೋಡೆಗೆ ಬಿಳಿ ಬೇರು ಕಾಣುತ್ತೆ. ಅಲ್ಲಿಯವರೆಗೆ ಎಳೆದು ನೋಡೋದು, ಗೊಬ್ಬರ ಹಾಕೋದು ಎರಡೂ ಮಾಡಬೇಡಿ. ಬೇರು ಕವಲೊಡೆದ ಮೇಲೆ ದೊಡ್ಡ ಕುಂಡಕ್ಕೆ, ಕವರನ್ನ ಒಂದು ವಾರ ಹತ್ತು ದಿನ ಸ್ವಲ್ಪ ಸ್ವಲ್ಪ ತೆರೀತಾ ಅಭ್ಯಾಸ ಮಾಡಿಸಿ.

ಕಾನೂನುಬದ್ಧವಾಗಿ ಬಂದ ಗಿಡವನ್ನೂ ಮೊದಲ ವರ್ಷ ಉಳಿದ ಗಿಡಗಳಿಂದ ದೂರ ಇಡಿ, ಅದಕ್ಕೆ ಬೇರೆಯೇ ಕತ್ತರಿ ಬಳಸಿ, ಅದರಿಂದ ಯಾರಿಗೂ ಕಡ್ಡಿ ಹಂಚಬೇಡಿ.

ಕುಂಡದಲ್ಲಿರೋ ಗೆಳತಿ ಕೊಟ್ಟ ಗಿಡದ ಬಗ್ಗೆ ನೇರವಾಗಿ ಹೇಳ್ತೀನಿ. ಅದನ್ನ ನೆಲಕ್ಕೆ ಇಳಿಸಬೇಡಿ, ಅದರಿಂದ ಕಡ್ಡಿ ಕಸಿ ಗೂಟಿ ಏನೂ ಮಾಡಬೇಡಿ, ಬೇರೆ ಅಂಜೂರ ಮತ್ತು ಹಿಪ್ಪುನೇರಳೆ ಗಿಡಗಳಿಂದ ದೂರ ಇಡಿ. ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗ ವಿಭಾಗಕ್ಕೋ ಸಸ್ಯ ಸಂರಕ್ಷಣಾ ಕಚೇರಿಗೋ ಮೊದಲು ಫೋಟೋ ಕಳಿಸಿ, ಎಲೆ ಕಿತ್ತು ಊರೆಲ್ಲಾ ಸುತ್ತಿಸಬೇಡಿ, ಹೇಗೆ ಬಂತು ಅನ್ನೋದನ್ನೂ ಮುಚ್ಚಿಡದೆ ಹೇಳಿ, ಅವರಿಗೆ ಬೇಕಾಗಿರೋದು ರೋಗದ ಮಾಹಿತಿ. ಮೊಸಾಯಿಕ್ ಒಂದೇ ಆಗಿದ್ರೆ ಗಿಡ ಬದುಕಬಹುದು, ಆದರೆ ನಿಮ್ಮ ಜಾಗದಲ್ಲಿ ನಾನಿದ್ರೆ ಅದನ್ನ ಬೇರು ಸಮೇತ ಕಿತ್ತು ಕವರಲ್ಲಿ ಬಿಗಿಯಾಗಿ ಕಟ್ಟಿ ಅವರು ಹೇಳಿದ ರೀತಿಯಲ್ಲಿ ನಾಶ ಮಾಡ್ತಿದ್ದೆ. ಕಷ್ಟ ಆಗುತ್ತೆ, ಗೊತ್ತು. ಸತ್ತ ಎರಡು ಕಡ್ಡಿಗಳ ಮಿಶ್ರಣವನ್ನೂ ತೋಟಕ್ಕೆ ಸುರಿಯಬೇಡಿ, ಗೆಳತಿಗೂ ಇಷ್ಟನ್ನೂ ತಿಳಿಸಿ, ಅವರ ಹತ್ರ ಉಳಿದಿರೋ ಗಿಡಗಳದ್ದೂ ಇದೇ ಕಥೆ.

ನಾಲ್ಕು ತಿಂಗಳು ಪರ್ಮಿಟ್‌ಗೆ ಹೆಚ್ಚಿನ ಸಮಯ ಏನಲ್ಲ, ಹಾಗಾಗಿ ಈ ವಾರವೇ ನಿಮ್ಮ ದೇಶದ ಸಸ್ಯ ಕ್ವಾರಂಟೈನ್ ಕಚೇರಿಗೆ ಮೇಲ್ ಹಾಕಿ. ಫೈಕಸ್ ಕ್ಯಾರಿಕಾ (ಅಂಜೂರದ ವೈಜ್ಞಾನಿಕ ಹೆಸರು) ಬೇರಿಲ್ಲದ ಕಡ್ಡಿ, ಇಂಥ ದೇಶದಿಂದ, ಮನೆ ಬಳಕೆಗೆ, ಇಷ್ಟು ಸಂಖ್ಯೆ ಅಂತ ಬರೆದು, ಇದಕ್ಕೆ ಅವಕಾಶ ಇದೆಯಾ, ಪರ್ಮಿಟ್ ಬೇಕಾ, ಸರ್ಟಿಫಿಕೇಟಲ್ಲಿ ಯಾವ ಹೆಚ್ಚುವರಿ ಘೋಷಣೆ (ಇಂಥ ರೋಗ ಇಲ್ಲ ಅನ್ನೋ ಥರದ ಬರಹ) ಇರಬೇಕು, ಯಾವ ವಿಮಾನ ನಿಲ್ದಾಣದಲ್ಲಿ ಇಳಿಯಬೇಕು, ಕ್ವಾರಂಟೈನ್ ಎಲ್ಲಿ ಎಷ್ಟು ಕಾಲ, ಮಧ್ಯೆ ಬೇರೆ ದೇಶದಲ್ಲಿ ವಿಮಾನ ಬದಲಾಯಿಸಿದ್ರೆ ಏನು ಮಾಡಬೇಕು ಅಂತ ಕೇಳಿ. ಉತ್ತರ ಬರಹದಲ್ಲೇ ತಗೊಳ್ಳಿ, ಅದನ್ನ ಅಕ್ಕನಿಗೆ ಕಳಿಸಿದ್ರೆ ಅವಳು ಅಲ್ಲಿನ ಇಲಾಖೆಗೆ ಹೋಗಿ ತೋರಿಸಿ ಮಾತಾಡೋಕೆ ಸುಲಭ. ಅವಕಾಶ ಇಲ್ಲ ಅಂತ ಉತ್ತರ ಬಂದ್ರೆ ಅಕ್ಕನ ಮರದ ಫೋಟೋಗಳನ್ನ ನನಗೆ ಕಳಿಸಿ, ತಳಿ ಯಾವುದಿರಬಹುದು ಅಂತ ನೋಡಿ ನಿಮ್ಮಲ್ಲೇ ಸಿಗೋ ಹತ್ತಿರದ ತಳಿ ಹೇಳೋಕೆ ಪ್ರಯತ್ನ ಮಾಡ್ತೀನಿ.